ನೀರಿನ ಕಮಿಟಿಗೆ ನನ್ನ ಹೆಸರು

ಏಪ್ರಿಲ್ 3, ಬೆಳಗಿನ ಜಾವ

ಟೋರ್ಟಿಯಾ ರೊಟ್ಟಿ, ಬೀನ್ಸ್, ಮೆಣಸಿನಕಾಯಿ ಚಟ್ನಿ — ಬುತ್ತಿ ಕಟ್ಟಿ ಆಯಿತು. ಮೊಣಕಾಲು ನಿನ್ನೆಗಿಂತ ವಾಸಿ. ಅರೆಲಿ ಮಲಗಿದ್ದಾಳೆ. ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದ ಮಗಳು, ನಿದ್ದೆ ಮಾಡಲೂ ಹಕ್ಕಿದೆ.

ಇವತ್ತು ಇಲ್ಲಿ ಸಾಂಟಾ ಮರಿಯಾದ ತೋಟಕ್ಕೆ ವೀಸಾ ಹುಡುಗರ ಬಸ್ ಬರುತ್ತದಂತೆ. ಸೀಸನ್‌ಗೆಂದೇ ಮೆಕ್ಸಿಕೋದಿಂದ ಕರೆತರುವವರು, ಮುಗಿದ ಮೇಲೆ ವಾಪಸ್. ನಮ್ಮ ಮೇಸ್ತ್ರಿ ಸಿಲ್ವೆರಿಯೊ ಯಾಕೋ ನಮ್ಮ ಮುಖ ನೋಡಿ ಮಾತಾಡುತ್ತಿಲ್ಲ.

ಸಂಜೆ

ಬಸ್ಸಿನಿಂದ ಇಳಿದವರಲ್ಲಿ ಒಬ್ಬ ‘ಅತ್ತೆ’ ಅಂದ. ನಮ್ಮ ಮಿಶ್ಟೆಕ್ ಮಾತಿನಲ್ಲಿ. ನೋಡಿದರೆ ಒನೆಸಿಮೊ, ಅಣ್ಣನ ಮಗ! ನಾನು ಊರು ಬಿಟ್ಟಾಗ ಅಂಬೆಗಾಲಿಡುತ್ತಿದ್ದ. ಜೊತೆಯಲ್ಲಿದ್ದವರೂ ನಮ್ಮೂರು ಯುಕುಂಡಾದವರೇ. ಸ್ಟ್ರಾಬೆರಿ ತೋಟದಲ್ಲಿ ಅರ್ಧ ಊರು ಬಂದು ನಿಂತಂತಿತ್ತು. ಖುಷಿಯಾಯಿತು, ಅಳುವೂ ಬಂತು.

ಮಧ್ಯಾಹ್ನದ ಹೊತ್ತಿಗೆ ಅವರು ಸಾಲಿನ ಕೊನೆ ಮುಟ್ಟಿದ್ದರು. ನಾವು ಹೆಂಗಸರು ಇನ್ನೂ ಅರ್ಧದಲ್ಲಿ. ಮೇಸ್ತ್ರಿ ನೋಡಿದ. ಅವನು ನೋಡಿದ್ದನ್ನು ನಾನೂ ನೋಡಿದೆ.

ಏಪ್ರಿಲ್ 9

ಅಮ್ಮನ ಫೋನ್. ಊರಸಭೆಯಲ್ಲಿ ನನ್ನ ಹೆಸರು ಕೂಗಿದ್ದಾರಂತೆ, ನೀರಿನ ಕಮಿಟಿಗೆ. ವರ್ಷವಿಡೀ ಸಂಬಳವಿಲ್ಲದ ಊರ ಚಾಕರಿ. ಬೆಟ್ಟದ ಟ್ಯಾಂಕಿಗೆ ಹತ್ತಬೇಕು, ನೀರು ಬಿಡಬೇಕು, ಪೈಪ್ ಒಡೆದರೆ ಬೈಸಿಕೊಳ್ಳಬೇಕು. ಮೊದಲೆಲ್ಲ ಗಂಡಸರೇ ಮಾಡುತ್ತಿದ್ದದ್ದು. ಈಗ ಊರಲ್ಲಿ ದುಡಿಯುವ ವಯಸ್ಸಿನ ಗಂಡಸರೇ ಉಳಿದಿಲ್ಲವಂತೆ.

ಇಷ್ಟು ವರ್ಷ ನಮ್ಮ ಮನೆಯ ಪಾಲಿನ ಚಾಕರಿಯನ್ನೆಲ್ಲ ದುಡ್ಡು ಕಳಿಸಿ ಮುಗಿಸುತ್ತಿದ್ದೆ. ಈ ಸಲ ದುಡ್ಡು ಬೇಡವಂತೆ, ಆಳೇ ಬೇಕಂತೆ. ಮೇ ಹದಿನೈದರೊಳಗೆ ಬರದಿದ್ದರೆ ಅಮ್ಮನ ನಲ್ಲಿ ಕಟ್. ನಾಳೆ ಅವಳು ಸತ್ತರೆ ಊರ ಮಣ್ಣಿನಲ್ಲಿ ಜಾಗವೂ ಇಲ್ಲ.

ಹೋದರೆ ಮತ್ತೆ ಬರುವಂತಿಲ್ಲ. ಕಾಗದವಿಲ್ಲದೆ ಗಡಿ ದಾಟಿ ಬಂದವಳು ನಾನು. ಈ ಮೊಣಕಾಲಿನಲ್ಲಿ ಇನ್ನೊಂದು ಸಲ... ಅರೆಲಿಗೆ ಹೇಳಿಲ್ಲ.

ಏಪ್ರಿಲ್ 10

ಒನೆಸಿಮೊನನ್ನು ತೋಟದಲ್ಲೇ ಹಿಡಿದು ಕೇಳಿದೆ. ಆ ಕಮಿಟಿಯಲ್ಲಿ ಇದ್ದವನು ಇವನೇ! ವೀಸಾ ಬಂತು, ಹೊರಡಬೇಕು, ಬದಲಿ ಹೆಸರು ಕೊಡದೆ ಸಭೆಯವರು ಬಿಡಲಿಲ್ಲವಂತೆ.

‘ನನ್ನ ಹೆಸರೇ ಸಿಕ್ತೇನೋ ನಿಂಗೆ?’

‘ನೀವೇ ಹೇಳ್ತಿದ್ರಲ್ಲ ಅತ್ತೆ. ಹಬ್ಬ ಬಂದಾಗೆಲ್ಲ ಫೋನ್ ಮಾಡಿ, ಮುಂದಿನ ವರ್ಷ ಬಂದ್ಬಿಡ್ತೀನಿ ಅಂತ. ಅಜ್ಜಿ ಸ್ಪೀಕರ್ ಹಾಕೋರು. ಎಲ್ಲಾರೂ ಕೇಳಿದೀವಿ.’

ಇವನಿಗೆ ಏನು ಹೇಳಲಿ. ಇಲ್ಲಿರುವ ನಮ್ಮವರಲ್ಲಿ ಯಾರು ಹಾಗೆ ಹೇಳುವುದಿಲ್ಲ? ಫೋನ್ ಇಡುವ ಮೊದಲು ಬರುವ ಬಾಯಿಮಾತು ಅದು. ಹುಡುಗ ನಿಜವೆಂದೇ ನಂಬಿದ್ದಾನೆ, ಇಡೀ ಊರೇ ನಂಬಿದೆ. ಬೈಯಲು ಹೋದವಳು ನನ್ನ ಬುತ್ತಿಯಲ್ಲಿ ಅರ್ಧ ಕೊಟ್ಟು ಬಂದೆ. ನನಗೆ ನಾನೇ ಅರ್ಥವಾಗುತ್ತಿಲ್ಲ.

ಏಪ್ರಿಲ್ 24

ಬರೆಯಲು ಕೈ ಬರಲಿಲ್ಲ ಇಷ್ಟು ದಿನ. ಇವತ್ತು ಮೇಸ್ತ್ರಿ ಕರೆದ. ಸೋಮವಾರದಿಂದ ಬರುವುದು ಬೇಡವಂತೆ, ಬೇಕಾದರೆ ಕರೆಯುತ್ತಾನಂತೆ. ಕರೆಯುವುದಿಲ್ಲ, ಗೊತ್ತು. ವಯಸ್ಸಾದ ಹೆಂಗಸರಿಗೆಲ್ಲ ಇದೇ ಮಾತು. ನನ್ನ ಸಾಲು ಒನೆಸಿಮೊಗೆ.

ಇದೆಂಥ ಅದಲುಬದಲು? ಊರ ಗಂಡಸರು ನನ್ನ ಕೆಲಸಕ್ಕೆ ಇಲ್ಲಿಗೆ ಬಂದರು, ಅವರ ಕೆಲಸಕ್ಕೆ ನಾನು ಅಲ್ಲಿಗೆ ಹೋಗಬೇಕು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಪಾತ್ರೆ ತಿಕ್ಕಿದೆ. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದೆ.

ಏಪ್ರಿಲ್ 25

ಅರೆಲಿಗೆ ಹೇಳಿದೆ. ಯುಕುಂಡಾ ಅವಳು ಕಂಡೇ ಇರದ ಊರು. ನಲ್ಲಿ ನೀರಿಗಾಗಿ ಹೋಗ್ತೀಯಾ ಅಂತ ಮೊದಲು ನಕ್ಕಳು. ಆಮೇಲೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು.

‘ಅಜ್ಜಿಗೆ ನೀನು ಮಗಳು, ಸರಿ. ನಂಗೆ ನೀನು ಏನಮ್ಮ?’



ಮೇ 8

ತೀರ್ಮಾನವಾಯಿತು, ಹೋಗುತ್ತೇನೆ. ಮಂಗಳವಾರದ ಬಸ್, ಗಡಿಯವರೆಗೆ. ಅರೆಲಿ ಗೆಳತಿಯ ಮನೆಯಲ್ಲಿ ಇರುತ್ತಾಳೆ. ಕೆಲಸವಿಲ್ಲದೆ ಇಲ್ಲಿ ಕೂತು ಮಾಡುವುದೇನು, ಅಲ್ಲಿ ಅಮ್ಮನಿಗೆ ನೀರಾದರೂ ಉಳಿಯಲಿ. ಹಾಗಂತ ಬೆಳಗ್ಗೆ ಅನ್ನಿಸಿತ್ತು. ಈಗ ಅನ್ನಿಸುತ್ತಿಲ್ಲ. ಆದರೂ ಬ್ಯಾಗ್ ತುಂಬಿದೆ.

ಮೇ 11

ಹೊರಟೆ ಅಂತ ಹೇಳಲು ಅಮ್ಮನಿಗೆ ಫೋನ್ ಮಾಡಿದೆ.  ಆಗ ಹೇಳಿದಳು. ಕಳೆದ ಭಾನುವಾರದ ಸಭೆಯಲ್ಲಿ ಎದ್ದು ನಿಂತು, ಮಗಳ ಬದಲಿಗೆ ನಾನೇ ಮಾಡುತ್ತೇನೆ ಅಂದಳಂತೆ. ಎಪ್ಪತ್ತು ದಾಟಿದ ಮುದುಕಿ! ಒಂದಿಬ್ಬರು ನಕ್ಕರಂತೆ. ಬೇರೆ ದಾರಿಯಿಲ್ಲದೆ ಒಪ್ಪಿದರಂತೆ. ಮಾರನೆಯ ದಿನದಿಂದ ಬೆಟ್ಟ ಹತ್ತಿ ಇಳಿಯುತ್ತಿದ್ದಾಳೆ. ಕೆಳಗಿನ ಕೇರಿಗೂ ನೀರು ಸರಿಯಾಗಿ ಬರುತ್ತಿದೆಯಂತೆ.

ಬಿದ್ದುಗಿದ್ದೀಯ, ಬಿಡಮ್ಮ, ಹೇಗೂ ನಾನು ಬರುತ್ತಿದ್ದೇನಲ್ಲ ಅಂದೆ.

‘ಬರಬೇಡ್ವೇ. ಇಷ್ಟು ವಯಸ್ಸಿಗೆ ಮೊದಲನೇ ಸಲ ನನ್ನನ್ನ ಸಭೆ ಬೆಂಚಿನ ಮೇಲೆ ಕೂರಿಸಿದಾರೆ, ಗಂಡಸರ ಪಕ್ಕ. ನೀ ಬಂದ್ರೆ ನಾ ಏಳ್ಬೇಕಾಗತ್ತೆ.’

ಅವಳ ದನಿಯಲ್ಲಿ ಅಂಥ ಹಿಗ್ಗು ನಾನು ಕೇಳಿದ್ದೇ ಇಲ್ಲ. ನನಗೂ ಖುಷಿಯಾಗಬೇಕಿತ್ತು. ಆಗಿದೆ. ಹೊಟ್ಟೆಕಿಚ್ಚೂ ಆಗಿದೆ, ಹೆತ್ತ ತಾಯಿಯ ಮೇಲೆ. ಇದಕ್ಕೇನು ಹೇಳುತ್ತಾರೋ.

ಅರೆಲಿ ಎದುರಿಗೇ ನಿಂತಿದ್ದಾಳೆ, ಬ್ಯಾಗಿನ ಜಿಪ್ ಹಿಡಿದು. ಬಟ್ಟೆ ಹೊರಗೆ ತೆಗೀಲಾ ಅಂತ ಎರಡನೇ ಸಲ ಕೇಳುತ್ತಿದ್ದಾಳೆ. ತೆಗಿ ಅನ್ನಬೇಕು, ಅಷ್ಟೇ ತಾನೇ. ತೋಟಕ್ಕೆ ನಾನು ಬೇಡ. ಊರಿಗೂ ಬೇಡ. ಇವಳಿಗೆ ಮಾತ್ರ —