ತೆಳಿ ತೆಗಿ

ಫೆಬ್ರವರಿ 4, ಮಂಗಳವಾರ. 11.10, ಚಾ ಬಿಡುವು

ಇವತ್ತೂ ಪಿಪೆಟ್ ಕೈಗೆ ಸಿಕ್ಕಿದ್ದು ಎರಡು ಸಲ. ಎರಡೇ! ಉಳಿದ ಹೊತ್ತೆಲ್ಲ ಹತ್ತು ಮಂದಿ ಸುತ್ತ ನಿಂತು ಹರಿನಾರಾಯಣ ಸರ್ ಮಾಡುವುದನ್ನು ನೋಡುವುದು. ನೋಟಿಸಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದರು — ಪ್ರೋಟೀನ್ ಮತ್ತು ಜೆನೆಟಿಕ್ ಎಂಜಿನಿಯರಿಂಗ್, ಹ್ಯಾಂಡ್ಸ್-ಆನ್ ಟ್ರೈನಿಂಗ್, ಎರಡು ವಾರ. ಕೈ ಕಟ್ಟಿ ನಿಲ್ಲಲಿಕ್ಕೂ ಹ್ಯಾಂಡ್ಸ್ ಬೇಕಲ್ಲ, ಅದಕ್ಕಿರಬೇಕು.

ಸಿಟ್ಟು ಸರ್ ಮೇಲೆ ಮಾತ್ರ ಅಲ್ಲ. ಐದು ವರ್ಷ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ಆಗಿ ಜೀನ್ ಕ್ಲೋನಿಂಗ್ ಪಾಠ ಮಾಡಿದೆ. ಬೋರ್ಡಿನ ಮೇಲೆ, ಬಣ್ಣದ ಚಾಕ್‌ಪೀಸಿನಲ್ಲಿ. ನಿಜವಾದ ಡಿಎನ್‌ಎ ಒಂದು ದಿನವೂ ಮುಟ್ಟಿಲ್ಲ. ಆ ಕೆಲಸವೂ ಹೋದ ಮೇಲೆ, ಮೂವತ್ತೊಂದನೇ ವಯಸ್ಸಿಗೆ, ಬೆಳ್ಳೂರಿನಿಂದ ಎರಡು ಬಸ್ ಹತ್ತಿ ಕಾಸರಗೋಡಿಗೆ ಬರುತ್ತಿದ್ದೇನೆ. ಉಳಿದವರೆಲ್ಲ ನಿನ್ನೆ ಮೊನ್ನೆ ಎಂಎಸ್ಸಿ ಮುಗಿಸಿದ ಮಕ್ಕಳು. ನನ್ನನ್ನು ‘ಮಿಸ್’ ಅನ್ನುತ್ತವೆ.

ಕೊನೆಗೆ ಒಬ್ಬರನ್ನು ಇಲ್ಲೇ ಪ್ರಾಜೆಕ್ಟಿಗೆ ತೆಗೆದುಕೊಳ್ಳುತ್ತಾರಂತೆ. ಮೂರು ವರ್ಷದ ಕೆಲಸ. ಯಾರ ಪ್ರೋಟೀನ್ ಚೆನ್ನಾಗಿ ಬರುತ್ತದೋ ಅವರಿಗೆ. ಅದು ನನಗೆ ಬೇಕು. ಬೇಕೇ ಬೇಕು.

ಫೆಬ್ರವರಿ 5, ಬುಧವಾರ. ಸಂಜೆ, ಬಸ್ಸಿನಲ್ಲಿ

ಜೋಡಿ ಹಾಕಿದರು. ನನಗೆ ಭವ್ಯಶ್ರೀ. ದೇಲಂಪಾಡಿಯವಳು, ಇಪ್ಪತ್ತಮೂರು ವರ್ಷ, ಮನೆಮಾತು ತುಳು. ಮುಳ್ಳೇರಿಯದಿಂದ ಇಬ್ಬರಿಗೂ ಒಂದೇ ಬಸ್. ಮಾತು ಕಡಿಮೆ, ಕೈ ಚುರುಕು. ನನ್ನ ಕೈ ನಡುಗಿದರೆ ಬೇರೆ ಕಡೆ ನೋಡುತ್ತಾಳೆ. ಒಳ್ಳೆಯ ಹುಡುಗಿ.

ಸರ್ ಹೊಸ ರೂಲ್ — ಬೆಂಚಿನಲ್ಲಿ ಇಂಗ್ಲಿಷ್ ಮಾತ್ರ. ಮಲಯಾಳವೂ ಬೇಡ, ಕನ್ನಡವೂ ಬೇಡ. ಇವರೇ ಅಡೂರಿನವರು! ಮನೆಯಲ್ಲಿ ಕನ್ನಡವೇ. ಎಂತ ದೊಡ್ಡಸ್ತಿಕೆಯೋ...

ನಾನು ಬಿಡುತ್ತೇನಾ? ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಅಡಿಯಲ್ಲಿ ಕೂರುವುದಕ್ಕೆ ಪೆಲೆಟ್, ಮೇಲೆ ನಿಲ್ಲುವ ನೀರಿಗೆ ಸೂಪರ್‌ನೇಟಂಟ್. ಯಾಕೆ ಅಷ್ಟು ಉದ್ದ? ಅನ್ನ ಬಸಿದಾಗ ಬರುವುದಕ್ಕೆ ಎಂತ ಹೇಳುತ್ತೇವೆ? ತೆಳಿ. ಇದೂ ತೆಳಿ. ಅಡಿಯದ್ದು ಗಟ್ಟಿ. ಭವ್ಯಶ್ರೀ ನಕ್ಕಳು. ‘ನಮ್ಮಲ್ಲಿಯೂ ತೆಲಿ ಅಂತಲೇ ಅಕ್ಕ.’ ಇನ್ನು ನಮ್ಮ ಬೆಂಚಿನಲ್ಲಿ ಅದೇ ಹೆಸರು. ಸರ್‌ಗೆ ಕೇಳಿಸಿದರೆ ಕೇಳಿಸಲಿ.

ಫೆಬ್ರವರಿ 7, ಶುಕ್ರವಾರ. 3.30

ಬ್ಯಾಕ್ಟೀರಿಯಾ ಸೊಂಪಾಗಿ ಬೆಳೆದಿದೆ. ಅದರೊಳಗೆ ನಾವು ಹಾಕಿದ ಜೀನ್ ಉಂಟು. ಎಣ್ಣೆ ಕರಗಿಸುವ ಲೈಪೇಸ್ ಎಂಬ ಪ್ರೋಟೀನಿನ ಜೀನು, ಒಂದೇ ಒಂದು ಅಕ್ಷರ ಬದಲಿಸಿದ್ದು. ಬಿಸಿ ತಡೆಯುವ ಲೈಪೇಸ್ ಬರಬೇಕು.

ತಿರುಗಿಸಿದೆವು. ಬ್ಯಾಕ್ಟೀರಿಯಾ ಎಲ್ಲ ಅಡಿಗೆ. ತೆಳಿ ತೆಗಿ ಎಂದೆ. ಭವ್ಯಶ್ರೀ ಬೇಡದ್ದನ್ನು ಚೆಲ್ಲುವ ಬ್ಲೀಚ್ ಬಕೆಟಿಗೆ ಬಗ್ಗಿಸಿದಳು, ಗಟ್ಟಿ ಒಂದಿಷ್ಟೂ ಕದಡಲಿಲ್ಲ. ಜಾಣೆ ಎಂದೆ. ಗಟ್ಟಿ ಫ್ರೀಜರಿಗೆ ಹೋಯಿತು. ಇನ್ನು ಸೋಮವಾರ.

ಫೆಬ್ರವರಿ 10, ಸೋಮವಾರ. 1.40

ಹೋಯಿತು. ಎಲ್ಲ ಹೋಯಿತು. ಮೈ ಉರಿಯುತ್ತಿದೆ. ಊಟ ಬಿಚ್ಚಲಿಲ್ಲ.

ಬೆಳಿಗ್ಗೆ ಸಾನಿಕೇಟರಿನಲ್ಲಿ ಬ್ಯಾಕ್ಟೀರಿಯಾದ ಕೋಶ ಒಡೆಯುವ ಕೆಲಸ. ನಮ್ಮ ಸರದಿಗೆ ಯಂತ್ರ ಬಿಸಿಯಾಗಿ ಅರ್ಧಕ್ಕೆ ನಿಂತಿತು. ಸರ್ ‘ಇನಫ್’ ಎಂದರು. ಅದಕ್ಕೇ ಒಮ್ಮೆ ಸಿಟ್ಟು ಬಂದಿತ್ತು. ಮತ್ತೆ ತಿರುಗಿಸಿದೆವು. ಇವತ್ತು ಎಲ್ಲ ಉಲ್ಟಾ. ಕೋಶ ಒಡೆದು ಪ್ರೋಟೀನ್ ಹೊರಗೆ ಬಂದಿದೆ, ಅದು ಇರುವುದು ತೆಳಿಯಲ್ಲಿ. ಅಡಿಯದ್ದು ಕಸ. ಇವತ್ತು ತೆಳಿಯೇ ಬೇಕಾದದ್ದು.

ನಾನು ಪ್ರೋಟೀನ್ ಸೋಸುವ ಕಾಲಮ್ ತೊಳೆಯುತ್ತಿದ್ದೆ. ತಿರುಗಿ ನೋಡದೆ ಹೇಳಿದೆ — ತೆಳಿ ತೆಗಿ.

ನೋಡುವಾಗ ಬಕೆಟಿನ ಎದುರು ನಿಂತಿದ್ದಾಳೆ. ಟ್ಯೂಬ್ ಬೋರಲು.

‘ಎಂತ ಮಾಡಿದೆ ಮಾರಾಯ್ತಿ!’ ನನ್ನ ಬೊಬ್ಬೆಗೆ ಇಡೀ ಲ್ಯಾಬ್ ತಿರುಗಿತು. ಸರ್ ಓಡಿ ಬಂದರು. ಒಂದು ವಾರದಲ್ಲಿ ಮೊದಲ ಸಲ ಅವರ ಬಾಯಲ್ಲಿ ಕನ್ನಡ ಬಂತು.

‘ಯಾರು ಚೆಲ್ಲಿದ್ದು?’

ಭವ್ಯಶ್ರೀ ನನ್ನ ಮುಖ ನೋಡಿದಳು.

‘ಭವ್ಯಶ್ರೀ, ಸರ್’ ಎಂದೆ.

ಸುಳ್ಳಲ್ಲವಲ್ಲ. ಚೆಲ್ಲಿದ್ದು ಅವಳೇ.

ಅವಳನ್ನು ಬೆಂಚಿನಿಂದ ಎಬ್ಬಿಸಿದರು. ಇನ್ನು ಹಿಂದೆ ಕೂತು ನೋಡಿದರೆ ಸಾಕಂತೆ. ಸರ್ಟಿಫಿಕೇಟಿನಲ್ಲಿ ‘ಕಂಪ್ಲೀಟೆಡ್’ ಬರುವುದಿಲ್ಲ, ‘ಅಟೆಂಡೆಡ್’ ಮಾತ್ರ. ಅವಳು ಎದ್ದು ಹೋಗುವ ಮೊದಲು ಗಟ್ಟಿಯ ಟ್ಯೂಬಿಗೆ ಮುಚ್ಚಳ ಹಾಕಿ ಫ್ರೀಜರಿನಲ್ಲಿಟ್ಟಳು. ಕಸಕ್ಕೆ ಎಂತ ಉಪಚಾರ!

ಅದೇ ದಿನ. 5.50, ಬಸ್ಸಿನಲ್ಲಿ

ಪಕ್ಕದಲ್ಲೇ ಕೂತಳು. ಸೀಟು ಬೇರೆ ಇರಲಿಲ್ಲ. ಚೆರ್ಕಳ ದಾಟಿದ ಮೇಲೆ ಬಾಯಿ ಬಿಟ್ಟಳು.

‘ನೀವೇ ಹೇಳಿದ್ದಲ್ವಾ ಅಕ್ಕ? ತೆಳಿ ತೆಗಿ ಅಂತ.’

‘ತೆಗಿ ಅಂದ್ರೆ ತೆಗೆದು ಇಡು ಅಂತ. ಚೆಲ್ಲು ಅಂತಲಾ?’

‘ಶುಕ್ರವಾರವೂ ಅದೇ ಹೇಳಿದ್ದು ನೀವು. ಚೆಲ್ಲಿದ್ದಕ್ಕೆ ಜಾಣೆ ಅಂದ್ರಿ.’

ಕಿಟಕಿ ಕಡೆ ತಿರುಗಿದೆ. ಎಂಎಸ್ಸಿ ಮಾಡಿದವಳಿಗೆ ಅಷ್ಟು ಗೊತ್ತಾಗಬೇಡವಾ? ಸ್ವಂತ ಬುದ್ಧಿ ಬೇಡವಾ? ಇಷ್ಟೆಲ್ಲ ಮನಸ್ಸಿನಲ್ಲೇ ಬೈದೆ. ಮುಳ್ಳೇರಿಯದಲ್ಲಿ ಅವಳು ತನ್ನ ಬಸ್ಸಿಗೆ ಹೋದ ಮೇಲೆ ಈ ಪುಸ್ತಕ ತೆಗೆದು ಶುಕ್ರವಾರದ ಪುಟ ನೋಡಿದೆ. ಹಾಗೇ ಉಂಟು. ನನ್ನದೇ ಅಕ್ಷರ.

ಫೆಬ್ರವರಿ 11, ಮಂಗಳವಾರ. 12.15

ಬೆಳಿಗ್ಗೆ ಕೈತೊಳೆಯುವಲ್ಲಿ ಸಿಕ್ಕಿದಳು. ಮುಖ ನೋಡದೆ ಹೇಳಿದಳು, ‘ಆ ಗಟ್ಟಿ ಬಿಸಾಡ್ಬೇಡಿ ಅಕ್ಕ. ನಿನ್ನೆ ಮೆಷಿನ್ ಅರ್ಧಕ್ಕೆ ನಿಂತಿತಲ್ಲ. ಒಡೆಯದ ಕೋಶ ಅದ್ರಲ್ಲೇ ಉಂಟು. ಇನ್ನೊಮ್ಮೆ ಒಡೆದು ನೋಡಿ.’

ನನಗೆ ಹೊಳೆದಿರಲಿಲ್ಲ. ಐದು ವರ್ಷ ಪಾಠ ಮಾಡಿದವಳಿಗೆ!

ಒಡೆಯುತ್ತಿದ್ದೇನೆ. ಐಸಿನ ಮೇಲಿಟ್ಟು, ನಿಧಾನ. ಈ ಸಲ ತೆಳಿ ನಾನೇ ತೆಗೆಯುತ್ತೇನೆ. ಅವಳು ಹಿಂದೆ ಸ್ಟೂಲಿನಲ್ಲಿ ಕೂತಿದ್ದಾಳೆ, ಕೈ ಮಡಚಿ.

ಫೆಬ್ರವರಿ 12, ಬುಧವಾರ. 4.00

ಬಂತು. ಪ್ರೋಟೀನ್ ಪರೀಕ್ಷಿಸುವ ಜೆಲ್‌ನಲ್ಲಿ ನೀಲಿ ಪಟ್ಟೆ, ಒಂದೇ ಒಂದು, ಎಲ್ಲರದಕ್ಕಿಂತ ಶುದ್ಧ. ಬಿಸಿ ಮಾಡಿದರೂ ಲೈಪೇಸ್ ಕೆಲಸ ಮಾಡುತ್ತಿದೆ. ನಾನು ಮಾಡಿದ್ದು. ಈ ಕೈಯಿಂದ.

ಸರ್ ಎಲ್ಲರನ್ನೂ ಕರೆದು ತೋರಿಸಿದರು. ‘ಪೆಲೆಟ್ ಬಿಸಾಡದೆ ಇಟ್ಟುಕೊಂಡದ್ದು ಗುಡ್ ಥಿಂಕಿಂಗ್, ಸೌದಾಮಿನಿ.’

‘ಥ್ಯಾಂಕ್ಯೂ ಸರ್.’

ಅಷ್ಟೇ ಹೇಳಿದ್ದು. ಹಿಂದಿನಿಂದ ಸ್ಟೂಲ್ ಎಳೆದ ಸದ್ದು. ತಿರುಗುವಾಗ ಅವಳು ಬ್ಯಾಗ್ ಹಾಕಿಕೊಂಡು ಬಾಗಿಲು ದಾಟಿ ಆಗಿತ್ತು.

ಫೆಬ್ರವರಿ 13, ಗುರುವಾರ. ಸಂಜೆ

ಭವ್ಯಶ್ರೀ ಬರಲಿಲ್ಲ. ಸರ್ ಕೇಳಲೂ ಇಲ್ಲ. ನನ್ನನ್ನು ರೂಮಿಗೆ ಕರೆದರು. ಪ್ರಾಜೆಕ್ಟ್ ನನಗೇ. ನಾಳೆ ಆರ್ಡರ್ ಕೊಡುತ್ತಾರೆ. ‘ನಮಗೆ ಬೇಕಾದದ್ದು ಕೇರ್‌ಫುಲ್ ಜನ’ ಅಂದರು.

ಎಷ್ಟು ಸಿಟ್ಟು ಬಂತೆಂದರೆ! ಯಾರು ಚೆಲ್ಲಿದ್ದು ಎಂದು ಕೇಳಿದರಲ್ಲದೆ ಯಾಕೆ ಚೆಲ್ಲಿದಳು ಎಂದು ಕೇಳಿದರಾ ಇವರು? ಕೇಳಿದ್ದರೆ ಹೇಳುತ್ತಿದ್ದೆ.

ಹೇಳುತ್ತಿದ್ದೆನಾ? ಇಲ್ಲ. ಸುಮ್ಮನೆ ಸರ್ ಮೇಲೆ ಹಾಕುವುದು ಬೇಡ. ನಾಚಿಕೆಗೆಟ್ಟವಳು ನಾನು.

ಮುಳ್ಳೇರಿಯದಲ್ಲಿ ಇಳಿದು ಫೋನ್ ಮಾಡಿದೆ. ಮೂರನೇ ಸಲಕ್ಕೆ ತೆಗೆದಳು.

‘ತಪ್ಪು ನಂದು ಭವ್ಯ. ಸರ್ ಹತ್ರ ಹೇಳಿ ನಿನ್ನ ಸರ್ಟಿಫಿಕೇಟ್ ಸರಿ ಮಾಡಿಸ್ತೇನೆ.’

‘ಯಾವಾಗ ಅಕ್ಕ?’

‘ನಾಳೆ. ಪ್ರೋಗ್ರಾಂ ಎಲ್ಲ ಮುಗಿದ ಮೇಲೆ.’

‘ಆರ್ಡರ್ ಕೈಗೆ ಸಿಕ್ಕಿದ ಮೇಲೆಯಾ?’

ಇಟ್ಟುಬಿಟ್ಟಳು. ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಜನರ ನಡುವೆ ಮುಖ ಬಿಸಿಯಾಯಿತು. ಅದನ್ನೇ ನಾನು ಲೆಕ್ಕ ಹಾಕಿದ್ದು. ಅವಳಿಗೆ ಗೊತ್ತಾಯಿತು.

ಫೆಬ್ರವರಿ 14, ಶುಕ್ರವಾರ. 9.20

ಮೊದಲ ಬಸ್ಸಿಗೆ ಬಂದೆ. ಲ್ಯಾಬಿನಲ್ಲಿ ಇನ್ನೂ ಯಾರೂ ಇಲ್ಲ.

ಹೇಳಿದರೆ ಏನಾಗುತ್ತದೆ ಗೊತ್ತುಂಟು. ರೂಲ್ ಮುರಿದದ್ದು ನಾನು, ಮಾತು ನನ್ನದು, ಗಟ್ಟಿ ಉಳಿಸಿದ ಬುದ್ಧಿ ಅವಳದು. ಮತ್ತೆ ನನಗೆ ಯಾಕೆ ಕೊಡುತ್ತಾರೆ ಕೆಲಸ? ಹೋದರೆ ಹೋಗಲಿ ಎಂದು ಬರೆಯಲು ಕೈ ಬರುವುದಿಲ್ಲ. ಈಗಲೂ ಬೇಕು ನನಗೆ ಅದು.

ಸರ್ ಕಾರು ಬಂತು. ಮೆಟ್ಟಿಲು ಹತ್ತುತ್ತಿದ್ದಾರೆ. ಕೈಯಲ್ಲಿ ಕಂದು ಕವರ್. ನನ್ನನ್ನು ಕಂಡು ನಗುತ್ತಿದ್ದಾರೆ, ಕವರ್ ಆಗಲೇ ಮುಂದೆ ಚಾಚಿದ್ದಾರೆ. ಅದು ಕೈಗೆ ಬರುವ ಮೊದಲು ಹೇಳಬೇಕು. ಮೊದಲು. ಏಳು ಸೌದಾಮಿನಿ, ಪೆನ್ನು ಕೆಳಗಿಡು. ಸರ್, ಚೆಲ್ಲಲು ಹೇಳಿದ್ದು —