ಗೇಟು ಹಾಕಿದ ರಾಕ್ಷಸ

ಒಮರಾಮ, ಭಾನುವಾರ ಸಂಜೆ

ಅಪ್ಪ,

ಕೊನೆಗೂ ನೀನು ಸಿಕ್ಕಿಬಿದ್ದೆ. ನಮ್ಮ ಕಣಿವೆಯಲ್ಲೇ ತೆಗೆದ ಆ ಮಾಯಾಲೋಕದ ಮೂರು ಸಿನಿಮಾಗಳನ್ನು ನಾನು, ತಮ್ಮ ಆಂಗಸ್, ನನ್ನ ಮಗಳು ಟೆಸ್ ನೀನಿಲ್ಲದ ನಿನ್ನ ಮನೆಯಲ್ಲೇ ಕೂತು ಮತ್ತೆ ನೋಡಿದೆವು. ರಾಕ್ಷಸರ ಸೈನ್ಯದಲ್ಲಿ ವೇಷ ಹಾಕಿ ನೀನೂ ಇದ್ದೀಯೆಂದು ನೀನೇ ಎಷ್ಟು ಸಲ ಹೇಳಿದ್ದೆ. ನಾನೂರು ರಬ್ಬರ್ ಮುಖವಾಡಗಳಲ್ಲಿ ನಿನ್ನದು ಯಾವುದೆಂದು ತಿಳಿಯದೆ ನಾವು ನಿನ್ನನ್ನೇ ಗೇಲಿ ಮಾಡುತ್ತಿದ್ದೆವು.

ಮೂರನೆಯದರಲ್ಲಿ ರಾಕ್ಷಸರು ಸೋತು ಕುರಿದೊಡ್ಡಿ ದಾಟಿ ಓಡುತ್ತಾರಲ್ಲ, ಅಲ್ಲಿ ಟೆಸ್ ಎದ್ದು ನಿಂತಳು.

"ನಿಲ್ಸು ಮಾವ. ಕೊನೇಲಿ ಒಬ್ಬ ಓಡೋದ್ ಬಿಟ್ಟು ಗೇಟ್ ಹಾಕ್ತಿದಾನೆ ನೋಡು."

ಹೌದು. ಸುತ್ತ ಬಾಣಗಳು ಬೀಳುತ್ತಿದ್ದರೂ ಆ ರಾಕ್ಷಸ ಹಿಂದಿರುಗಿ ಬಂದು ಚಿಲಕ ಸಿಕ್ಕಿಸುತ್ತಾನೆ, ಗೇಟನ್ನು ಒಮ್ಮೆ ಅಲುಗಾಡಿಸಿ ನೋಡುತ್ತಾನೆ, ಆಮೇಲೆ ಓಡುತ್ತಾನೆ.

"ಅಪ್ಪನೇ ಕಣೇ ಅಕ್ಕ," ಎಂದ ಆಂಗಸ್. "ಲೋಕ ಮುಳುಗಿದ್ರೂ ಕುರಿ ಆಚೆ ಹೋಗ್ಬಾರ್ದು."

ಏಳು ಸಲ ತಿರುಗಿಸಿ ನೋಡಿದೆವು. ಟೆಸ್ ನಕ್ಕು ನಕ್ಕು ಚಹಾ ಚೆಲ್ಲಿಕೊಂಡಳು.

ಆಂಗಸ್ ಕಣ್ಣೊರೆಸಿಕೊಂಡು ಹೇಳಿದ: "ಅಂಥೋನು ಒಂದ್ ಗೇಟ್ ಮಾತ್ರ ಹಾಕ್ಲಿಲ್ಲ ನೋಡು. ಅಪ್ಪನ ಜೊತೆ ಜಗಳ ಆಡಿ ಮನೆ ಬಿಟ್ಟು ಹೊರಟ ದಿನ ನೀನು ತೆರೆದೇ ಬಿಟ್ಟೋದ್ಯಲ್ಲ, ರಸ್ತೆ ಕಡೇದು. ಕುರೀನೇ ಬೇರೆ ಹೊಲಕ್ಕೆ ಹೊಡ್ದ. ಅದನ್ನ ಮಾತ್ರ ಯಾರೂ ಮುಟ್ಟೋ ಹಂಗಿರ್ಲಿಲ್ಲ."

ಹನ್ನೊಂದು ವರ್ಷದಲ್ಲಿ ಆ ಗೇಟಿನ ಕೆಳಗೆಲ್ಲ ಹುಲ್ಲು ಬೆಳೆದಿತ್ತು, ಅಪ್ಪ. ಈಗಷ್ಟೇ ಹೋಗಿ, ಒಳಗಡೆ ನಿಂತು ಹಾಕಿ ಬಂದೆ. ಒಮ್ಮೆ ಅಲುಗಾಡಿಸಿಯೂ ನೋಡಿದೆ.