ಮಗಳ ಮದುವೆಗೊಂದು ಹಡಗಿನ ಟಿಕೆಟ್

ದಾರ್ ಎಸ್ ಸಲಾಮ್, ಟಾಂಗನೀಕಾ
17 ಡಿಸೆಂಬರ್ 1961

ಪ್ರೀತಿಯ ಎರ್ಮೆಲಿಂಡಾ,

ನಿನ್ನ ಮಂಡಿನೋವು ಹೇಗಿದೆ? ಮದುವೆಮನೆ ಓಡಾಟವೆಂದು ಮೆಟ್ಟಿಲು ಹತ್ತಿ ಇಳಿಯಬೇಡ. ಹೇಳಿದರೆ ಕೇಳುವವಳಲ್ಲ ನೀನು. ರೊಸಾಲಿಯಾ ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ? ಮದುವೆ ಹತ್ತಿರ ಬಂದಾಗ ನೀನೂ ಊಟ ಬಿಟ್ಟಿದ್ದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ.

ಕಳೆದ ವಾರ ಇಲ್ಲಿ ಬಾವುಟ ಬದಲಾಯಿತು. ಇಂಗ್ಲಿಷರ ಸರ್ಕಾರ ಹೋಗುವಾಗ ತನ್ನ ನೌಕರರಿಗೆ ಪರಿಹಾರ ಕೊಟ್ಟು, ಹಡಗು ಹತ್ತಿಸಿ ಊರು ಮುಟ್ಟಿಸುತ್ತದೆ ಎಂಬ ಮಾತು ನಂಬಿಯೇ ನಾವು ಮದುವೆಯನ್ನು ಜನವರಿಗೆ ಇಟ್ಟುಕೊಂಡದ್ದು. ಆ ಮಾತು ನನಗೆ ಅನ್ವಯಿಸುವುದಿಲ್ಲವಂತೆ. ನಮ್ಮ ಕಚೇರಿಯ ಪೆಟಿಗ್ರೂ ಸಾಹೇಬರ ಅರ್ಜಿ ಟೈಪು ಮಾಡಿದವನು ನಾನೇ; ಅವರ ನಾಯಿಗೂ ಹಡಗಿನಲ್ಲಿ ಜಾಗ ಸಿಕ್ಕಿದೆ. ನನ್ನ ವಿಷಯ ಕೇಳಿದಾಗ ಕನ್ನಡಕ ಒರೆಸಿಕೊಳ್ಳುತ್ತಾ, "ನೊರೊನ್ಹಾ, ನೀವು ಗೋವಾದಲ್ಲೇ ಕೂತು ಅರ್ಜಿ ಹಾಕ್ಬೇಕಿತ್ತು. ಇಲ್ಲಿ ಬಂದಿಳಿದ್ಮೇಲೆ ಕೆಲಸಕ್ಕೆ ಸೇರಿದ್ರಿ. ಕಾನೂನಿನ ಪ್ರಕಾರ ನೀವು ಇಲ್ಲಿಯವರೇ" ಅಂದರು. ಅಂದು ಸ್ವಂತ ದುಡ್ಡಿನಲ್ಲಿ, ಡೆಕ್ಕಿನ ಮೇಲೆ ಮಲಗಿ ಬಂದದ್ದೇ ತಪ್ಪಾಯಿತು ನೋಡು. ತಾವು ಕರೆಸಿಕೊಂಡವರನ್ನು ಮಾತ್ರ ಕಳಿಸಿಕೊಡುತ್ತಾರಂತೆ.

ನನ್ನ ಕುರ್ಚಿಗೆ ಬರುತ್ತಿರುವ ಯೋಹಾನಾ ಒಳ್ಳೆಯವನು, ಕೆಲಸ ನಾನೇ ಕಲಿಸಿದ್ದು. "ಹಿರಿಯರೇ, ಬಿಳಿಯರು ನಿಮ್ಮನ್ನ ಇಲ್ಲಿಯವರು ಅಂತಾರೆ, ನಮ್ಮೋರು ಹೊರಗಿನವರು ಅಂತಾರೆ. ಸಮುದ್ರದ ಮಧ್ಯೆ ಒಂದು ಮನೆ ಕಟ್ಕೊಳ್ಳಿ" ಎಂದು ನಕ್ಕ. ನನಗೂ ನಗು ಬಂತು.

ಬೇಡಿದ್ದು ಸಾಕು. ಇಲ್ಲಿನ ನಮ್ಮ ಗೋವಾ ಕ್ಲಬ್ಬಿನವರು ಲಂಡನ್ನಿಗೆ ಮನವಿ ಕಳಿಸುತ್ತಾರಂತೆ; ಉತ್ತರ ಬರುವಷ್ಟರಲ್ಲಿ ನಮಗೆ ಮೊಮ್ಮಕ್ಕಳಾಗಿರುತ್ತಾರೆ. ಪಿಟೀಲು ಮಾರಿ ನಾನೇ ಟಿಕೆಟ್ ಕೊಳ್ಳುತ್ತೇನೆ. ಮದುವೆಯ ಹಿಂದಿನ ದಿನ, ರೋಸಿನ ಶಾಸ್ತ್ರದಲ್ಲಿ ಮಗಳಿಗೆ ತೆಂಗಿನ ಹಾಲು ಹಚ್ಚಲು ಬಂದಿರುತ್ತೇನೆ. "ಪಪ್ಪಾ ಕೈ ಹಿಡೀದೆ ನಾನು ಇಗರ್ಜಿ ಬಾಗಿಲು ದಾಟಲ್ಲ" ಎಂದು ಬರೆದಿದ್ದಳಲ್ಲ, ಪೀಠದವರೆಗೆ ನಡೆಸುವವನು ನಾನೇ ಎಂದು ಹೇಳು.

ಅಮ್ಮನಿಗೆ ನನ್ನ ನಮಸ್ಕಾರ. ದೇವಮಾತೆ ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ
ಕಾಯ್ತಾನ್

ತಾ.ಕ. (20ನೇ ತಾರೀಖು): ಅಂಚೆಗೆ ಹಾಕುವ ಮೊದಲೇ ರೇಡಿಯೊದಲ್ಲಿ ಕೇಳಿದೆ, ಗೋವಾಕ್ಕೆ ಭಾರತದ ಸೈನ್ಯ ಬಂದು ಪೋರ್ಚುಗೀಸರ ಆಳ್ವಿಕೆ ಮುಗಿಯಿತಂತೆ. ನೀವೆಲ್ಲ ಕ್ಷೇಮವೇ? ಪಿಟೀಲು ಮಾರಿ ಹಡಗಿನ ಕಚೇರಿಗೆ ಹೋದೆ. ಗುಮಾಸ್ತ ನನ್ನ ಪೋರ್ಚುಗೀಸ್ ಪಾಸ್‌ಪೋರ್ಟನ್ನು ವಾಪಸು ತಳ್ಳಿ, ಈಗ ಯಾವ ದೇಶದವರೆಂದು ತೀರ್ಮಾನವಾದ ಮೇಲೆ ಬನ್ನಿ ಅಂದ. ಯಾರನ್ನು ಕೇಳಲಿ? ಮದುವೆ ಮುಂದೂಡಬೇಡ. ನನ್ನ ಕಪ್ಪು ಕೋಟನ್ನು ನನ್ನ ತಮ್ಮ ಅಗ್ನೆಲ್‌ಗೆ ಹಾಕಿಸು; ತೋಳು ಉದ್ದವಾದರೆ ಮಡಚಿ ಹೊಲಿ. ರೊಸಾಲಿಯಾ ಬಾಗಿಲಲ್ಲೇ ನಿಂತುಬಿಟ್ಟರೆ, ಅವಳ ಕೈಯನ್ನು ಆ ತೋಳಿನ ಮೇಲೆ ನೀನೇ ಇಡು.